ಸಾವಿನ ಮನೆಯಲ್ಲಿ ಕುರ್ಚಿ ಬಿಟ್ಟು ಏಳದ ನಾವಿಕ

ನಾವಿಕರ ಪರಿಹಾರದ ಮೇಲ್ಮನವಿಗಳನ್ನು ಆಲಿಸುವ ಪೀಠದ ಮಾನ್ಯ ಅಧ್ಯಕ್ಷರೇ,

ನನ್ನ ಹಿರಿಯ ಮಗ ಎರ್ಮೆಲ್ ಹಡಗಿನ ಇಂಜಿನ್ ಕೋಣೆಯಲ್ಲಿ ಹನ್ನೊಂದು ವರ್ಷ ದುಡಿದು, ಹೃದಯ ಕೆಡಿಸಿಕೊಂಡು ಮನೆಗೆ ಬಂದ. ಅವನಿಗೆ ಅಂಗವೈಕಲ್ಯ ಪರಿಹಾರ ಸಲ್ಲುವುದಿಲ್ಲವೆಂದು ನಿಮ್ಮ ಪೀಠ ತೀರ್ಪಿತ್ತಿದೆ. ದೇಶಕ್ಕೆ ಮರಳಿದ ಮೂರು ಕೆಲಸದ ದಿನಗಳೊಳಗೆ ಅವನು ಕಂಪನಿಯ ವೈದ್ಯರ ಮುಂದೆ ಹಾಜರಾಗಲಿಲ್ಲವೆಂಬುದು ನೀವು ಕೊಟ್ಟ ಕಾರಣ. ಆ ಮೂರು ದಿನಗಳಲ್ಲಿ ಅವನು ತನ್ನ ತಂದೆಯ ಶವಪೆಟ್ಟಿಗೆಯ ಪಕ್ಕದಲ್ಲಿ ಕುಳಿತಿದ್ದ. ಮಾತು ಇಷ್ಟೇ ಆಗಿದ್ದರೆ ನಾನು ಕೋಪದಿಂದ ಬರೆಯುತ್ತಿದ್ದೆ. ಕೋಪದ ಪತ್ರವನ್ನು ತಪ್ಪಿಲ್ಲದೆ ಬರೆಯುವುದು ನನಗೆ ಗೊತ್ತು. ಆದರೆ ಈ ಪತ್ರವನ್ನು ನಾನು ಬರೆಯುತ್ತಿರುವುದು ಭಯದಿಂದ. ನಿಮ್ಮ ತೀರ್ಪನ್ನು ನನ್ನ ಕಿರಿಯ ಮಗನೂ ಓದಿದ್ದಾನೆ. ಓದಿ, ಅದರಿಂದ ಒಂದು ಪಾಠವನ್ನು ಕಲಿತಿದ್ದಾನೆ.

ನಾನು ಇಲೊಯ್ಲೊದ ದಕ್ಷಿಣ ತೀರದ ಶಾಲೆಯೊಂದರಲ್ಲಿ ನಿವೃತ್ತಿಯವರೆಗೂ ಭಾಷೆಯ ಪಾಠ ಹೇಳಿದವಳು. ನನ್ನ ತರಗತಿಯ ಹುಡುಗರಲ್ಲಿ ಅರ್ಧದಷ್ಟು ಜನ ಇಂದು ಯಾವುದಾದರೊಂದು ಸಮುದ್ರದ ಮೇಲಿದ್ದಾರೆ. ಪದವನ್ನು ಅದರ ಸ್ಥಾನದಲ್ಲಿ ಇಡಲಾರದವನು ಮನುಷ್ಯನನ್ನೂ ಅವನ ಸ್ಥಾನದಲ್ಲಿ ಇಡಲಾರ ಎಂದು ಅವರಿಗೆ ಹೇಳಿಕೊಡುತ್ತಿದ್ದೆ. ನಿಮ್ಮ ತೀರ್ಪಿನಲ್ಲಿ ಒಂದು ವಾಕ್ಯವಿದೆ: ಅರ್ಜಿದಾರನು ವೈದ್ಯಕೀಯ ಪರೀಕ್ಷೆಯ ಬದಲು ತಂದೆಯ ಅಂತ್ಯಕ್ರಿಯೆಯನ್ನು ಆಯ್ದುಕೊಂಡನು. ಆಯ್ದುಕೊಂಡನು. ಮಾವಿನಹಣ್ಣಿನ ಬುಟ್ಟಿಯ ಮುಂದೆ ನಿಂತವನ ಬಗ್ಗೆ ಈ ಪದವನ್ನು ಬಳಸಬಹುದು. ಯಾವ ಮಗ ತಂದೆಯ ಶವದ ಮುಂದೆ ನಿಂತು ಆಯ್ದುಕೊಳ್ಳುತ್ತಾನೆ? ನೀವು ಆಯ್ದುಕೊಂಡಿರಾ? ನಿಮ್ಮ ತಂದೆಯವರು ತೀರಿಕೊಂಡಿದ್ದರೆ ಅವರ ಆತ್ಮಕ್ಕೆ ಶಾಂತಿ ಕೋರುತ್ತೇನೆ. ಇನ್ನೂ ಇದ್ದರೆ ಅವರಿಗೆ ದೀರ್ಘಾಯುಷ್ಯ ಕೋರುತ್ತೇನೆ. ನಿಮ್ಮ ಉತ್ತರ ನನಗೆ ಬೇಕಿಲ್ಲ.

ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಇಂಜಿನ್ ಕೋಣೆಯ ಕಾವು ಎಂಥದೆಂದು ನಾನು ಕಂಡವಳಲ್ಲ. ಎರ್ಮೆಲ್ ಹೇಳುವಂತೆ, ಅಲ್ಲಿ ಯಂತ್ರಗಳಿಗೆ ಎಣ್ಣೆ ಹಾಕುವವನು ಪಾಳಿ ಮುಗಿಸಿ ಅಂಗಿ ಹಿಂಡಿದರೆ ಬಕೆಟ್ಟಿನ ತಳ ಮುಚ್ಚುವಷ್ಟು ಬೆವರು ಇಳಿಯುತ್ತದೆ. ಕೊನೆಯ ಪ್ರಯಾಣದಲ್ಲಿ ಏಣಿ ಹತ್ತುವಾಗ ಅವನ ಎದೆ ಬಿಗಿಯತೊಡಗಿತು. ಜೊತೆಯವರು ಬೆನ್ನಿಗೆ ಎಣ್ಣೆ ತಿಕ್ಕಿದರು. ಅಡುಗೆಯವನು ಶುಂಠಿ ಕಷಾಯ ಕೊಟ್ಟ. ಮೇಲಿನ ಇಂಜಿನಿಯರ್ ಕೂಡ ನಮ್ಮ ಕಡೆಯವನೇ. ಅವನು ನಕ್ಕು, "ಗ್ಯಾಸ್ ಕಣೋ. ಒಣಮೀನು ಕಮ್ಮಿ ಮಾಡು. ಕಾಂಟ್ರಾಕ್ಟ್ ಮುಗಿಯೋಕೆ ಇನ್ನೆಷ್ಟು ದಿನ ಇದೆ? ಈಗ ಕಾಯಿಲೆ ಅಂತ ಇಳಿದ್ರೆ ಮುಂದಿನ ಸಲ ನಿನ್ನ ಯಾರು ಹತ್ತಿಸ್ಕೋತಾರೆ?" ಎಂದನಂತೆ. ಅದು ದುಷ್ಟತನದ ಮಾತಲ್ಲ, ಮಾನ್ಯರೇ. ನಮ್ಮವರು ನಮ್ಮವರಿಗೆ ಪ್ರೀತಿಯಿಂದ ಹೇಳುವ ಬುದ್ಧಿಮಾತು. ನಮ್ಮ ಹುಡುಗರು ಕಾಯಿಲೆಯನ್ನು ಹಡಗಿನಲ್ಲಿ ಹೇಳಿಕೊಳ್ಳುವುದಿಲ್ಲ. ಮುಗಿಸಿ ಬಂದು, ದಡದಲ್ಲಿ ಹೇಳಿಕೊಳ್ಳುತ್ತಾರೆ.

ಅಷ್ಟರಲ್ಲಿ ನನ್ನ ಪತಿ ಪ್ಲಾಸಿದೊ ತೀರಿಕೊಂಡರು. ಎರ್ಮೆಲ್‌ಗೆ ಫೋನ್ ಮಾಡಿದವಳು ನಾನೇ. ಕ್ಯಾಪ್ಟನ್ ದೊಡ್ಡ ಮನಸ್ಸು ಮಾಡಿ ಮುಂದಿನ ಬಂದರಿನಲ್ಲೇ ಅವನನ್ನು ಇಳಿಸಿದರು. ಆದ್ದರಿಂದ ಹಡಗಿನ ದಾಖಲೆಯಲ್ಲಿ ಅವನು ಇಳಿದದ್ದು ಕುಟುಂಬದ ಕಾರಣಕ್ಕೆ ಎಂದಾಯಿತು. ಕಂಪನಿಯ ವಕೀಲರು ನಿಮ್ಮೆದುರು ಇದನ್ನೇ ಎತ್ತಿ ಹಿಡಿದರು. ತಂದೆಯನ್ನು ಕಳೆದುಕೊಂಡ ಯಾವ ಮಗನಿಗೆ ಎದೆಯಲ್ಲಿ ನೋವಿರುವುದಿಲ್ಲ ಎಂದು ಅವರು ಕೇಳಿದಾಗ ಪೀಠದಲ್ಲಿ ಯಾರೋ ಮುಗುಳ್ನಕ್ಕರು. ನಾನು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ತರಗತಿಯಲ್ಲಿ ನಕ್ಕವನನ್ನು ಗುರುತಿಸುವ ಕಣ್ಣು ನನಗೆ ಇನ್ನೂ ಹೋಗಿಲ್ಲ.

ನಮ್ಮಲ್ಲಿ ಮಕ್ಕಳು ಸಮುದ್ರದ ಮೇಲಿದ್ದರೆ ಶವ ಕಾಯುತ್ತದೆ. ಇದು ನಿಮಗೂ ಗೊತ್ತು. ನೀವೂ ಈ ದ್ವೀಪಗಳವರೇ. ಪ್ಲಾಸಿದೊ ಮುಂಭಾಗದ ಕೋಣೆಯಲ್ಲಿ, ದೀಪಗಳ ನಡುವೆ, ಇಬ್ಬರು ಗಂಡುಮಕ್ಕಳಿಗಾಗಿ ಕಾದರು. ಎರ್ಮೆಲ್ ಸೋಮವಾರ ಬಂದ. ಇನ್ನೊಂದು ಹಡಗಿನಲ್ಲಿದ್ದ ಕಿರಿಯವನು, ಅಮಾದೋ, ಶುಕ್ರವಾರ ತಲುಪಿದ. ಶನಿವಾರ ಮಣ್ಣು ಮಾಡಿದೆವು. ಮರುಸೋಮವಾರ ಬೆಳಗಿನ ಮೊದಲ ವಿಮಾನದಲ್ಲಿ ಎರ್ಮೆಲ್ ಮನಿಲಾಕ್ಕೆ ಹೋಗಿ ಕಂಪನಿಯ ಚಿಕಿತ್ಸಾಲಯದ ಬಾಗಿಲು ತಟ್ಟಿದ. ಅಲ್ಲಿ ಅವನಿಗೆ ಸಿಕ್ಕ ಉತ್ತರ, ತಡವಾಗಿ ಬಂದಿದ್ದೀಯ ಎಂಬುದು. ಹೃದಯದ ಮೂರು ನಾಳಗಳು ಕಟ್ಟಿಕೊಂಡಿರುವುದನ್ನು ಆಮೇಲೆ ನಾವೇ ಹುಡುಕಿಕೊಂಡ ವೈದ್ಯರು ಕಂಡುಹಿಡಿದರು. ಮೂರು ದಿನ ದಾಟಿದರೆ ಕಾಯಿಲೆ ಬಂದದ್ದೆಲ್ಲಿ ಎಂದು ಹೇಳಲಾಗದು, ಆದ್ದರಿಂದಲೇ ಈ ನಿಯಮ ಎಂದು ನಿಮ್ಮ ತೀರ್ಪು ವಿವರಿಸುತ್ತದೆ. ಒಪ್ಪಿದೆ. ಕಾಲು ಮುರಿದುಕೊಂಡು ಬಂದೆನೆಂದು ಸುಳ್ಳು ಹೇಳುವವರೂ ಇರಬಹುದು. ಆದರೆ ಮೂರು ನಾಳಗಳು ಶವಪೆಟ್ಟಿಗೆಯ ಪಕ್ಕದಲ್ಲಿ ಕುಳಿತ ಆ ಒಂದು ವಾರದಲ್ಲಿ ಕಟ್ಟಿಕೊಂಡವೆಂದು ಪೀಠ ನಂಬುತ್ತದೆಯೇ? ನಾವು ಬಂದವರಿಗೆ ಕೊಟ್ಟದ್ದು ಕಾಫಿ ಮತ್ತು ಬಿಸ್ಕತ್ತು. ಅಷ್ಟು ಶಕ್ತಿಯುಳ್ಳ ಬಿಸ್ಕತ್ತನ್ನು ನಾನು ಕಂಡಿಲ್ಲ.

ಈಗ ಬುಧವಾರದ ವಿಷಯಕ್ಕೆ ಬರುತ್ತೇನೆ. ನಿಮ್ಮ ತೀರ್ಪು ನಿಂತಿರುವುದು ಆ ಬುಧವಾರದ ಮೇಲೆ. ನನ್ನ ಮಗನನ್ನು ಹಡಗಿಗೆ ಕಳಿಸುವ ಏಜೆನ್ಸಿಯ ಮೇಲ್ವಿಚಾರಕರು ಅಂದು ಸಂಜೆ ಹೂಚಕ್ರ ಹಿಡಿದು ನಮ್ಮ ಮನೆಗೆ ಬಂದರು. ನಿಮ್ಮ ಗಡುವು ಇನ್ನೂ ಮುಗಿದಿರಲಿಲ್ಲ. ಅಂಗಳದಲ್ಲಿ ಇಸ್ಪೀಟಾಟ ನಡೆದಿತ್ತು. ಸಾವಿನ ಮನೆಯಲ್ಲಿ ಎಚ್ಚರವಾಗಿರಲು ಜನ ಆಡಲೇಬೇಕು.

"ಪ್ಲಾಸಿದೊ ಇದ್ದಿದ್ರೆ ಇಷ್ಟೊತ್ತಿಗೆ ಎಲೆ ಬಚ್ಚಿಟ್ಟಿರ್ತಿದ್ದ," ಎಂದ ಒಬ್ಬ.

"ಪೆಟ್ಟಿಗೆ ಒಳಗೆ ನೋಡು, ಎರಡು ಎಕ್ಕ ಅಲ್ಲೇ ಇರುತ್ತೆ," ಎಂದ ಇನ್ನೊಬ್ಬ.

ಮೇಲ್ವಿಚಾರಕರೂ ನಕ್ಕರು. ಹೂಚಕ್ರವನ್ನು ಪೆಟ್ಟಿಗೆಯ ಎಡಗಡೆ ನಿಲ್ಲಿಸಿ, ಎರ್ಮೆಲ್‌ನ ಪಕ್ಕದಲ್ಲಿ ಕುಳಿತು ಕಾಫಿ ಕುಡಿದರು. "ತುಂಬಾ ಸಣ್ಣಗಾಗಿದ್ದೀಯಲ್ಲೋ. ಕುಕ್ ಸರಿಯಿರಲಿಲ್ವಾ?" ಎಂದು ಕೇಳಿದರು. "ಕುಕ್ ಪರವಾಗಿಲ್ಲ ಸರ್. ನನಗೇ ಊಟ ಸೇರ್ತಿರಲಿಲ್ಲ," ಎಂದ ನನ್ನ ಮಗ. ಹೇಳಿ ನನ್ನ ಕಡೆ ನೋಡಿದ. ನಾನು ಮೂರು ಮೊಳ ದೂರದಲ್ಲಿ, ಗಂಡನ ತಲೆಯ ಬಳಿ ಕುಳಿತಿದ್ದೆ. ವಿಧವೆಯಾಗಿ ವಾರವೂ ಆಗದ ತಾಯಿಯ ಎದುರು, ತಂದೆಯ ಶವದ ಎದುರು, ನನಗೂ ಎದೆನೋವಿದೆ ಎಂದು ಯಾವ ಮಗ ಹೇಳಿಯಾನು? ಹೊರಗೆ ಹೋಗಿ ಗೇಟಿನ ಬಳಿ ಹೇಳೋಣವೆಂದು ಅವನು ಕಾದ. ಮೇಲ್ವಿಚಾರಕರು ಎದ್ದಾಗ ಅವನೂ ಕುರ್ಚಿಯಿಂದ ಅರ್ಧ ಎದ್ದ. ನನ್ನ ಪತಿಯ ಅಕ್ಕ ಪುರಿಂಗ್ ಅವನ ಅಂಗಿ ಹಿಡಿದು ಎಳೆದರು.

"ಕೂತ್ಕೊ ತೊತೊ. ಸತ್ತ ಮನೇಲಿ ಬಂದೋರನ್ನ ಬಾಗಿಲ ತನಕ ಕಳಿಸಿಕೊಡ್ತಾರಾ ಯಾರಾದ್ರೂ? ಅವರ ಹಿಂದೇನೇ ಮನೆಯವರು ಇನ್ನೊಬ್ಬರು ಹೋಗ್ತಾರೆ."

"ಒಂದೇ ಮಾತು ಅತ್ತೆ, ಗೇಟ್ ಹತ್ರ."

"ಒಂದೇ ಮಾತಂತೆ! ಈ ಮನೆಗೆ ಒಂದೇ ಹೆಣ ಸಾಕು. ಕೂತ್ಕೊ."

ಅವನು ಕೂತ. ತೊತೊ ಎಂದು ಕರೆಸಿಕೊಂಡ ಮಗು ನಮ್ಮಲ್ಲಿ ನಲವತ್ತು ದಾಟಿದರೂ ಹಿರಿಯರ ಮಾತಿಗೆ ಕೂರುತ್ತದೆ. ಮೇಲ್ವಿಚಾರಕರು, ನಮ್ಮ ರೂಢಿ ಬಲ್ಲವರಾದ್ದರಿಂದ, ತಿರುಗಿ ನೋಡದೆ ನಡೆದುಹೋದರು. ಈ ಭೇಟಿಯನ್ನು ನಿಮ್ಮ ತೀರ್ಪು ಹೇಗೆ ಬಣ್ಣಿಸಿದೆ? ಕಂಪನಿಯ ಪ್ರತಿನಿಧಿಯು ಖುದ್ದಾಗಿ ಅರ್ಜಿದಾರನ ಮನೆಗೆ ಬಂದಿದ್ದರೂ, ಸಾಕಷ್ಟು ಅವಕಾಶವಿದ್ದರೂ, ಅವನು ತನ್ನ ಕಾಯಿಲೆಯನ್ನು ತಿಳಿಸಲಿಲ್ಲ. ಹೂಚಕ್ರವನ್ನು ನಮ್ಮ ಪರವಾದ ಸಾಕ್ಷಿಯೆಂದು ನಾನು ತಿಳಿದಿದ್ದೆ. ಅವನು ಎಲ್ಲಿದ್ದನೆಂದು, ಏಕೆ ಬರಲಾಗಲಿಲ್ಲವೆಂದು ಕಂಪನಿಗೆ ಗೊತ್ತಿತ್ತೆಂಬುದಕ್ಕೆ ಅದಕ್ಕಿಂತ ದೊಡ್ಡ ಪುರಾವೆ ಯಾವುದಿದೆ? ನಿಮ್ಮ ಕೈಯಲ್ಲಿ ಅದೇ ಹೂಚಕ್ರ ನನ್ನ ಮಗನ ಕೊರಳಿಗೆ ಬಿತ್ತು.

ಫೋನ್ ಮಾಡಬಹುದಿತ್ತಲ್ಲ ಎಂದು ನಿಮ್ಮ ಪೀಠ ಕೇಳಿತು. ಮಾಡಬಹುದಿತ್ತು. ಇದನ್ನು ನಾನು ಅಲ್ಲಗಳೆಯುವುದಿಲ್ಲ. ನಿಮಗಿಂತ ಮೊದಲು ಈ ಪ್ರಕರಣ ಆಲಿಸಿದ ನ್ಯಾಯಾಧಿಕಾರಿ ಕೂಡ ಇದನ್ನೇ ಕೇಳಿದ್ದರು. ಆದರೆ ಅವರು ಉತ್ತರಕ್ಕಾಗಿ ಕಾದರು, ಕೇಳಿಸಿಕೊಂಡರು, ಎರ್ಮೆಲ್‌ನ ಪರವಾಗಿ ತೀರ್ಪಿತ್ತರು. ಮಣ್ಣಾಗುವವರೆಗೆ ಆ ಸೂರಿನಡಿ ಸ್ವಂತ ಕಾಯಿಲೆಯ ಮಾತೆತ್ತಬಾರದು ಎಂದುಕೊಂಡ ಒಬ್ಬ ಮಗನ ತಪ್ಪು ಅದು. ತಪ್ಪೆಂದೇ ಇಟ್ಟುಕೊಳ್ಳಿ. ತಪ್ಪು ಬರೆದವನಿಗೆ ನಾನೂ ಅಂಕ ಕಳೆದಿದ್ದೇನೆ, ಶಾಲೆಯಿಂದ ಹೊರಹಾಕಿದ್ದಿಲ್ಲ.

ಮಾನ್ಯರೇ, ಇಷ್ಟು ದೂರದವರೆಗೆ ನನ್ನ ಬರಹ ನೆಟ್ಟಗೆ ಬಂದಿದೆ. ಇನ್ನು ಮುಂದಿನದರಲ್ಲಿ ತಪ್ಪುಗಳಿದ್ದರೆ ಅಂಕ ಕಳೆಯಿರಿ.

ಹೋದ ತಿಂಗಳು ಪ್ಲಾಸಿದೊ ಅವರ ವಾರ್ಷಿಕ ಸ್ಮರಣೆಯ ಬಲಿಪೂಜೆಗೆ ಹೋಗಿದ್ದೆವು. ಚರ್ಚಿನ ಮೆಟ್ಟಿಲುಗಳ ನಡುವೆ ಅಮಾದೋ ನಿಂತ. ಬಗ್ಗಿ ಕುಳಿತ. "ಲೇಸ್ ಬಿಚ್ಚಿಹೋಗಿದೆ, ನೀವು ನಡೀರಿ ನಾನಾಯ್," ಎಂದ. ಅಮ್ಮನನ್ನು ನನ್ನ ಮಕ್ಕಳು ಕರೆಯುವುದು ಹಾಗೆ. ನಾನು ನಡೆದೆ. ನಾಲ್ಕು ಮೆಟ್ಟಿಲು ಹತ್ತಿದ ಮೇಲೆ ನನಗೆ ಹೊಳೆಯಿತು: ಅವನು ಹಾಕಿಕೊಂಡಿದ್ದದ್ದು ಚಪ್ಪಲಿ. ಬಲಿಪೂಜೆಗೆ ಚಪ್ಪಲಿಯಲ್ಲಿ ಹೊರಟಿದ್ದಕ್ಕೆ ಮನೆಯಲ್ಲೇ ಗದರಿದ್ದೆನಾದ್ದರಿಂದ ಇದರಲ್ಲಿ ನನಗೆ ಸಂಶಯವಿಲ್ಲ. ತಿರುಗಿ ನೋಡಿದೆ. ಇಲ್ಲದ ಲೇಸಿನ ಮೇಲೆ ಕೈಯಿಟ್ಟು, ತಲೆ ತಗ್ಗಿಸಿ, ಅವನು ಉಸಿರನ್ನು ಒಂದೊಂದಾಗಿ ಆರಿಸಿಕೊಳ್ಳುತ್ತಿದ್ದ. ಅವನ ಅಣ್ಣ ಏಣಿಯ ಮೇಲೆ ಹಾಗೆಯೇ ನಿಲ್ಲುತ್ತಿದ್ದನಂತೆ. ಅವರ ತಂದೆಯೂ ಕೊನೆಯ ವರ್ಷ ಬಾವಿಯ ಬಳಿ ಹಾಗೆಯೇ ನಿಲ್ಲುತ್ತಿದ್ದರು. ಆ ದಿನ ಪಾದ್ರಿಗಳು ಏನು ಪ್ರಬೋಧಿಸಿದರೋ ನನಗೆ ತಿಳಿಯದು.

ಅಮಾದೋ ಮತ್ತೆ ಹಡಗು ಹತ್ತುವವನಿದ್ದಾನೆ. ಅದಕ್ಕೂ ಮೊದಲು ವೈದ್ಯಕೀಯ ಪರೀಕ್ಷೆಯಿದೆ. ಅದಕ್ಕಾಗಿ ನಮ್ಮ ಹುಡುಗರು ಹೇಗೆ ತಯಾರಾಗುತ್ತಾರೆಂದು ನಿಮಗೆ ತಿಳಿಯದಿದ್ದರೆ ಮನಿಲಾದಲ್ಲಿ ನಾವಿಕರು ತಂಗುವ ಯಾವುದಾದರೂ ಬಾಡಿಗೆ ಕೋಣೆಗೆ ಹೋಗಿ ನೋಡಿ. ಉಪ್ಪು ಬಿಡುತ್ತಾರೆ, ಒಣಮೀನು ಬಿಡುತ್ತಾರೆ, ಬೆಳ್ಳುಳ್ಳಿ ನುಂಗುತ್ತಾರೆ, ಎಲೆ ಕುದಿಸಿ ಕುಡಿಯುತ್ತಾರೆ. ರಕ್ತದೊತ್ತಡವನ್ನು ಒಂದು ಬೆಳಗಿನ ಮಟ್ಟಿಗೆ ಮಲಗಿಸುವ ವಿದ್ಯೆ ಅದು. ಪರೀಕ್ಷೆಗೆ ಮುನ್ನ ರಾತ್ರಿಯೆಲ್ಲ ಓದುವ ಹುಡುಗರನ್ನು ಕಂಡಿದ್ದೇನೆ. ಪರೀಕ್ಷೆಗಾಗಿ ಹೃದಯಕ್ಕೇ ಕಾಪಿ ಹೊಡೆಯಲು ಕಲಿಸುವವರನ್ನು ಈಗ ಕಾಣುತ್ತಿದ್ದೇನೆ. ಆ ವಿದ್ಯೆ ಈಗ ನನ್ನ ಅಡುಗೆಮನೆಗೂ ಬಂದಿದೆ. ಒಲೆಯ ಮೇಲೆ ಹೊಳೆದಾಸವಾಳದ ಎಲೆ ಕುದಿಯುತ್ತಿತ್ತು.

"ಏನಿದು ತೊತೊ?" ಎಂದೆ.

"ಕಷಾಯ ನಾನಾಯ್. ಬಿ.ಪಿ. ಇಳೀಲಿ ಅಂತ."

"ನಿನಗೆ ಬಿ.ಪಿ. ಇದೆ ಅಂತ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ಯಾರೂ ಹೇಳಬಾರದು ಅಂತಾನೇ ಕುಡೀತಿರೋದು."

"ಡಾಕ್ಟರಿಗೆ ನಿಜ ಹೇಳು. ಚರ್ಚ್ ಮೆಟ್ಟಿಲ ಮೇಲೆ ಆಗಿದ್ದನ್ನೂ ಹೇಳು."

ಅವನು ನನ್ನ ಮುಖ ನೋಡಲಿಲ್ಲ. ಪಾತ್ರೆಯನ್ನು ಕೆಳಗಿಳಿಸಿ ಸೋಸುತ್ತ ಹೇಳಿದ: "ಮಾನೊಂಗ್ ಹೇಳಿದನಲ್ಲ ನಿಜ? ಏನು ಸಿಕ್ತು? ಕೆಲಸಾನೂ ಹೋಯ್ತು, ಪರಿಹಾರಾನೂ ಇಲ್ಲ. ಈಗ ಹೇಳಿದ್ರೆ ಹತ್ತಿಸಲ್ಲ. ಹತ್ತಿದ್ಮೇಲೆ ಹೇಳಿದ್ರೆ ಮುಂಚೆನೇ ಇತ್ತು, ಮುಚ್ಚಿಟ್ಟೆ ಅಂತಾರೆ. ಇಳಿದ್ಮೇಲೆ ಹೇಳಿದ್ರೆ ತಡವಾಯ್ತು ಅಂತಾರೆ. ಯಾವಾಗ ಹೇಳಬೇಕು ನೀವೇ ಹೇಳಿ ಟೀಚರ್."

ಮಗ ನನ್ನನ್ನು ಟೀಚರ್ ಎಂದು ಕರೆಯುವುದು ಅಣಕಿಸುವಾಗ ಮಾತ್ರ. ಮಾನೊಂಗ್ ಎಂದರೆ ಅವನ ಅಣ್ಣ, ಎರ್ಮೆಲ್. ಅವನು ಪಕ್ಕದ ಕೋಣೆಯಲ್ಲಿ ಮಲಗಿದ್ದ. ತಮ್ಮನಿಗೆ ಬುದ್ಧಿ ಹೇಳು ಎಂದು ಅವನನ್ನು ಕೂಗಿದೆ. ಒಳಗಿಂದ ಬಂದ ಉತ್ತರ ಇದು: "ಅವನು ಹೇಳೋದು ಸರಿ ಇದೆ ನಾನಾಯ್."

ಆಮೇಲೆ ಅಮಾದೋ ನಕ್ಕ. ಕಹಿ ಕಷಾಯದ ಲೋಟವನ್ನು ಮದುವೆಮನೆಯಲ್ಲಿ ಎತ್ತುವ ಹಾಗೆ ಎತ್ತಿ ಹಿಡಿದು, "ಚಿಂತೆ ಬಿಡಿ. ಬದುಕಿ ಬಂದ್ರೆ ತಾನೆ ಈ ರಗಳೆ? ಕೆಲಸದ ಮೇಲಿದ್ದಾಗ ಹಡಗಲ್ಲೇ ಹೋದ್ರೆ ಮೂರು ದಿನದ ಗಡುವಿಲ್ಲ. ನನ್ನನ್ನ ಯಾರೂ ಡಾಕ್ಟರ್ ಹತ್ರ ಹಾಜರಾಗು ಅನ್ನಲ್ಲ," ಎಂದ.

ಅಧ್ಯಕ್ಷರೇ, ನಿಮ್ಮ ತೀರ್ಪಿನಿಂದ ನನ್ನ ಮಗ ಕಲಿತ ಪಾಠ ಇದೇ. ಬದುಕಿ ಬಂದ ಕಾಯಿಲೆಯವನಿಗಿಂತ ಹೆಣವಾಗಿ ಬಂದವನ ಅರ್ಜಿ ಹೆಚ್ಚು ಗಟ್ಟಿ. ಅವನು ಇದನ್ನು ತಮಾಷೆಗೆ ಹೇಳಿದನೆಂದು ನೀವು ಹೇಳಬಹುದು. ನಾನು ಅವನನ್ನು ಹೆತ್ತವಳು. ಅವನು ಯಾವಾಗ ತಮಾಷೆ ಮಾಡುತ್ತಾನೆ, ಯಾವಾಗ ಲೆಕ್ಕ ಹಾಕಿ ಮುಗಿಸಿದ ಮೇಲೆ ತಮಾಷೆಯ ದನಿಯಲ್ಲಿ ಹೇಳುತ್ತಾನೆ ಎಂಬುದು ನನಗೆ ಗೊತ್ತು. ಅವನಿಗೆ ಹೆಂಡತಿಯಿದ್ದಾಳೆ, ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಅಣ್ಣನ ಸಂಸಾರವನ್ನೂ ಈಗ ಅವನೇ ನೋಡುತ್ತಿದ್ದಾನೆ. ಎರ್ಮೆಲ್‌ಗೆ ಸಲ್ಲಬೇಕಾದದ್ದು ಸಂದಿದ್ದರೆ ತಮ್ಮ ಈ ಸಲ ಹಡಗು ಹತ್ತಬೇಕಾಗಿರಲಿಲ್ಲ. ಒಂದು ವರ್ಷ ದಡದಲ್ಲಿ ಕುಳಿತು ಹೃದಯ ತೋರಿಸಿಕೊಳ್ಳಬಹುದಿತ್ತು. ಒಬ್ಬನ ಮೇಲೆ ಕೊಟ್ಟ ತೀರ್ಪು ಇಬ್ಬರ ಮೇಲೆ ಬಿದ್ದಿದೆ.

ನಾನು ವಿದ್ಯಾವಂತೆ. ಸಾವಿನ ಮನೆಗೆ ಬಂದವರನ್ನು ಬಾಗಿಲವರೆಗೆ ಕಳುಹಿಸಿಕೊಟ್ಟರೆ ಇನ್ನೊಬ್ಬರು ಹೋಗುತ್ತಾರೆಂಬ ಮಾತನ್ನು ನಾನು ನಂಬಿದವಳಲ್ಲ. ಅಂದು ಪುರಿಂಗ್ ಅವರನ್ನು ಎದುರಿಸದೆ ಸುಮ್ಮನಿದ್ದದ್ದು ನಂಬಿಕೆಯಿಂದಲ್ಲ, ಆಯಾಸದಿಂದ. ನನ್ನ ಮಗ ಗೇಟಿನವರೆಗೆ ಹೋಗಲಿಲ್ಲ. ನಿಯಮ ಪಾಲಿಸಿದ. ಆದರೂ ಇನ್ನೊಬ್ಬ ಹೋಗುವ ಸಿದ್ಧತೆ ನಮ್ಮ ಮನೆಯಲ್ಲಿ ನಡೆದಿದೆ. ಚೀಲ ತುಂಬಿದೆ, ಬೂಟಿಗೆ ಪಾಲಿಶ್ ಆಗಿದೆ. ನಮ್ಮ ನಿಯಮವನ್ನು ಪಾಲಿಸಿದ್ದಕ್ಕೆ ನಿಮ್ಮ ನಿಯಮ ಶಿಕ್ಷಿಸಿತು. ನಿಮ್ಮ ನಿಯಮಕ್ಕೆ ಹೆದರಿದವನನ್ನು ಸಮುದ್ರ ಶಿಕ್ಷಿಸುತ್ತದೆ. ಈಗ ಫೋನ್ ಸದ್ದಾದರೆ ನಾನು ಎತ್ತುವ ಮೊದಲು ಕುಳಿತುಕೊಳ್ಳುತ್ತೇನೆ. ಅವನು ಇನ್ನೂ ಹೊರಟೇ ಇಲ್ಲ. ಹಿತ್ತಲಲ್ಲಿ ಮಗಳ ಸೈಕಲ್ಲಿಗೆ ಗಾಳಿ ಹಾಕುತ್ತಿದ್ದಾನೆ. ಪಂಪಿನ ಸದ್ದು ನಿಂತರೆ ಕಿಟಕಿಗೆ ಓಡುತ್ತೇನೆ.

ನನ್ನ ಬೇಡಿಕೆಯನ್ನು ಸ್ಪಷ್ಟವಾಗಿ ಬರೆಯುತ್ತೇನೆ. ಎರ್ಮೆಲ್‌ನ ಪ್ರಕರಣವನ್ನು ಮರುಪರಿಶೀಲಿಸಬೇಕೆಂಬ ಅರ್ಜಿ ನಿಮ್ಮ ಮೇಜಿನ ಮೇಲಿದೆ. ಅದನ್ನು ಅಮಾದೋ ಹಡಗು ಹತ್ತುವ ಮೊದಲು ಕೈಗೆತ್ತಿಕೊಳ್ಳಿ. ಹೂಚಕ್ರ ತಂದ ಮೇಲ್ವಿಚಾರಕರನ್ನು ಕರೆಸಿ, ಪ್ರಮಾಣ ಮಾಡಿಸಿ, ಅಂದು ಕುರ್ಚಿಯಲ್ಲಿ ಕಂಡ ಮನುಷ್ಯ ಹೇಗಿದ್ದನೆಂದು ಕೇಳಿ. ಸಣ್ಣಗಾಗಿದ್ದೀಯಲ್ಲೋ ಎಂದವರು ಅವರು. ತಂದೆಯ ಶವದ ಬಳಿ ಕುಳಿತವನ ಗಡುವು ಮಣ್ಣಾದ ಮರುದಿನದಿಂದ ಆರಂಭವಾಗುತ್ತದೆಂದು ಬರೆಯಿರಿ. ನಿಮಗೆ ಅದು ಒಂದು ವಾಕ್ಯ. ಮತ್ತು ಕಾಯಿಲೆಯನ್ನು ಹೇಳಿಕೊಂಡ ನಾವಿಕ ಕಳ್ಳನಲ್ಲ ಎಂದು, ಎಲ್ಲರಿಗೂ ಕೇಳುವ ಹಾಗೆ, ನಿಮ್ಮ ಪೀಠ ಒಮ್ಮೆ ಹೇಳಲಿ. ಒಬ್ಬನಿಗೆ ಕೇಳಿಸಿದರೂ ಸಾಕು.

ಈ ಪತ್ರವನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ. ಅಚ್ಚಿಗೆ ಕೊಡಬೇಡಿ ಎಂದು ಅಮಾದೋ ಬೇಡಿಕೊಂಡ. ಕೊಟ್ಟರೂ ಅವನ ಹೆಸರು ಬೇಡ, ಚರ್ಚಿನ ಮೆಟ್ಟಿಲು ಬೇಡ, ಕಷಾಯ ಬೇಡ ಎಂದ. ನಾನು ಎಲ್ಲವನ್ನೂ ಬರೆದಿದ್ದೇನೆ. ಈ ಪತ್ರ ಪ್ರಕಟವಾದ ದಿನ ಯಾವ ಏಜೆನ್ಸಿಯೂ ಅವನನ್ನು ಹತ್ತಿಸಿಕೊಳ್ಳುವುದಿಲ್ಲವೆಂದು ನನಗೆ ಗೊತ್ತು. ಅವನು ನನ್ನೊಡನೆ ಮಾತು ಬಿಡುತ್ತಾನೆಂಬುದೂ ಗೊತ್ತು. ಒಂದು ಮನೆಯ ಎರಡೂ ಅನ್ನದ ದಾರಿಗಳು ಹೀಗೆ ಮುಚ್ಚಿದವು: ಒಂದನ್ನು ನೀವು ಮುಚ್ಚಿದಿರಿ, ಇನ್ನೊಂದನ್ನು ನಾನು. ನನ್ನ ಕಾರಣವನ್ನು ನಾನು ಹೇಳಿದ್ದೇನೆ. ನಿಮ್ಮದನ್ನು ಕೇಳಲು ಕಾದಿದ್ದೇನೆ.

ಬಾಗಿಲವರೆಗೆ ಹೋಗಬಾರದೆಂಬ ನಿಯಮ ಮನೆಯಲ್ಲಿ ಶವವಿರುವಾಗ ಮಾತ್ರ. ಈಗ ನಮ್ಮ ಮನೆಯಲ್ಲಿ ಎಲ್ಲರೂ ಉಸಿರಾಡುತ್ತಿದ್ದಾರೆ. ಆದ್ದರಿಂದ ಇದು ಅಚ್ಚಾಗುವ ಮೊದಲೇ ಅಮಾದೋ ಚೀಲ ಎತ್ತಿಕೊಂಡರೆ ಆ ಬೆಳಗ್ಗೆ ನಾನು ಬಾಗಿಲಿಗೆ ಹೋಗುತ್ತೇನೆ. ಕಳುಹಿಸಿಕೊಡಲು ಅಲ್ಲ, ಅಡ್ಡ ನಿಲ್ಲಲು. ನನಗೆ ಎಪ್ಪತ್ತಮೂರು ವರ್ಷ, ಅವನಿಗೆ ಹಗ್ಗ ಎಳೆದು ಗಟ್ಟಿಯಾದ ತೋಳು. ಬಹಳ ಹೊತ್ತು ನಿಲ್ಲಲಾರೆ. ದಯವಿಟ್ಟು ಬೇಗ ಓದಿ.

ಇಂತಿ,
ಇಬ್ಬರು ನಾವಿಕರನ್ನು ಹೆತ್ತು, ಹೊಸ್ತಿಲ ಮೇಲೆ ಕುರ್ಚಿ ಹಾಕಿಕೊಂಡು ಕುಳಿತಿರುವ
ಎಪಿಫಾನಿಯಾ ತೊರೆಫ್ರಾಂಕಾ
ನಿವೃತ್ತ ಶಿಕ್ಷಕಿ, ಇಲೊಯ್ಲೊ